ಚಿಕ್ಕಪ್ಪನ ಮುಂದಿನ ಹಲ್ಲು

ನಮ್ಮ ಚಿಕ್ಕಮ್ಮ ಇಪ್ಪತ್ತೆರಡು ವರ್ಷ ಬಸುರಿಯರ ಹೊಟ್ಟೆಯ ಸ್ಕ್ಯಾನ್ ಮಾಡಿದವಳು. ಆಮೇಲೆ ಆಸ್ಪತ್ರೆಯವರು ಅವಳನ್ನು ಹೊಟ್ಟೆಯಿಂದ ಬಾಯಿಗೆ ವರ್ಗ ಮಾಡಿದರು. ಹಲ್ಲಿನ ವಿಭಾಗದಲ್ಲಿ ಹೆಬ್ಬೆರಳಿನಷ್ಟೇ ದಪ್ಪದ ಸ್ಕ್ಯಾನ್ ಕಡ್ಡಿ. ಜೆಲ್ ಹಚ್ಚಿ ವಸಡಿನ ಮೇಲಿಟ್ಟರೆ, ಎಕ್ಸ್-ರೇಯಲ್ಲಿ ಹಲ್ಲಿನ ಮರೆಗೆ ಬೀಳುವ ಮುಂಭಾಗದ ಮೂಳೆಯೂ ತೆರೆಯ ಮೇಲೆ ಕಾಣುತ್ತದೆ. ಮೊದಲ ವಾರ ಒಬ್ಬ ಮುದುಕರ ವಸಡು ನೋಡಿ, ಅಭ್ಯಾಸಬಲದಿಂದ "ಮಗು ಚೆನ್ನಾಗಿದೆ" ಅಂದುಬಿಟ್ಟಳು. ಕೇಳಿದರೆ, ತಪ್ಪು ಮುದುಕರದ್ದಂತೆ. ಅಷ್ಟು ದೊಡ್ಡ ಹೊಟ್ಟೆ ಯಾಕೆ ಬೆಳೆಸಬೇಕಿತ್ತು?

ಅವಳ ಲೆಕ್ಕವೇ ಹಾಗೆ. ಹಾಲು ಉಕ್ಕಿದರೆ ಒಲೆಯ ತಪ್ಪು, ಬಸ್ಸು ಹೋಗಿಬಿಟ್ಟರೆ ಬಸ್ಸಿನ ತಪ್ಪು, ಉಳಿದದ್ದೆಲ್ಲ ಚಿಕ್ಕಪ್ಪನ ತಪ್ಪು.

ಚಿಕ್ಕಪ್ಪ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವರು. ಬೀದಿಯವರೆಲ್ಲ ಶಪಿಸಿದರೂ ದಿನಾ ಊದುವವರು. ಅವರ ಮೇಲಿನ ಎರಡು ಮುಂದಿನ ಹಲ್ಲುಗಳು ಅಲ್ಲಾಡತೊಡಗಿದವು.

"ಒಂದು ಹೋದ್ರೆ ಹೇಗೋ ಸುಧಾರಿಸ್ತೀನಿ. ಎರಡೂ ಹೋದ್ರೆ ತುಟಿ ಒತ್ತೋದು ಯಾವುದರ ಮೇಲೆ? ನನ್ನ ಕಥೆ ಮುಗೀತು" ಎಂದು ಅವರು ಕಣ್ಣಲ್ಲಿ ನೀರು ತಂದುಕೊಂಡಾಗ ನನಗೂ ಸಂಕಟವಾಯಿತು.

ಚಿಕ್ಕಮ್ಮ ತಾನೇ ಸ್ಕ್ಯಾನ್ ಮಾಡಿದಳು. ಎಡಗಡೆಯ ಹಲ್ಲಿನ ಮೂಳೆ ಕರಗಿದೆ, ಬಲದ್ದು ಗಟ್ಟಿ ಎಂದು ಬರೆದುಕೊಟ್ಟಳು. ಡಾಕ್ಟರು ಎಡಕ್ಕೆ ಸೂಜಿ ಚುಚ್ಚಿ, ಹಲ್ಲು ಮರಗಟ್ಟಿದ ಮೇಲೆ ಇಕ್ಕಳ ಕೈಗೆತ್ತಿಕೊಂಡರು.

ಜೊತೆಗೆ ಹೋಗಿದ್ದ ನಾನು ಚಿಕ್ಕಮ್ಮನನ್ನೇ ನೋಡುತ್ತಿದ್ದೆ. ಕಡ್ಡಿಯ ಜೆಲ್ ಒರೆಸುತ್ತಾ ತೆರೆಯತ್ತ ನೋಡಿದವಳ ಮುಖ ಬಿಳಿಚಿತು. ಚಿತ್ರದಲ್ಲಿ ಮೂಳೆ ಕರಗಿದ್ದ ಹಲ್ಲಿನ ಅಂಚಿನಲ್ಲಿ ಒಂದು ಚಕ್ಕೆ ಎದ್ದುಹೋಗಿತ್ತು. ಚಿಕ್ಕಪ್ಪನ ಬಾಯಲ್ಲಿ ಚಕ್ಕೆ ಎದ್ದದ್ದು ಬಲದ ಹಲ್ಲಿಗೆ. ಮದುವೆಯಾದ ವರ್ಷ ಲೋಟ ಎಸೆದು ಆ ಚಕ್ಕೆ ಎಬ್ಬಿಸಿದವಳೇ ಅವಳು, ಮರೆಯುತ್ತಾಳೆಯೇ? ಎಡಬಲ ತಿಳಿಯಲೆಂದು ಕಡ್ಡಿಯ ಮೇಲಿರುವ ಗುರುತು ಹಲ್ಲಿನ ವಿಭಾಗದಲ್ಲಿ ರೋಗಿಯ ಎಡಕ್ಕಿರಬೇಕು. ಹೊಟ್ಟೆ ನೋಡಿ ರೂಢಿಯಾದ ಕೈ ಅದನ್ನು ಬಲಕ್ಕೆ ಹಿಡಿದಿತ್ತು. ಚಿತ್ರದಲ್ಲಿ ಎಡಬಲ ಅದಲುಬದಲಾಗಿತ್ತು.

ಯಂತ್ರ ಕೆಟ್ಟಿದೆ ಎನ್ನಬಹುದಿತ್ತು. ಚಿಕ್ಕಪ್ಪ ಅಲ್ಲಾಡಿದರು ಎನ್ನಬಹುದಿತ್ತು, ಅದು ಅವಳಿಗೆ ನೀರು ಕುಡಿದಷ್ಟು ಸುಲಭ. ಅವಳು ಕಡ್ಡಿ ಕೆಳಗಿಟ್ಟು ಕೂಗಿದಳು.

"ನಿಲ್ಸಿ ಡಾಕ್ಟ್ರೇ! ಆ ಹಲ್ಲಲ್ಲ, ಪಕ್ಕದ್ದು! ಕಡ್ಡಿ ಉಲ್ಟಾ ಹಿಡಿದಿದ್ದೆ. ತಪ್ಪು ನಂದು!"

ಕೋಣೆಯಲ್ಲಿದ್ದ ನರ್ಸ್ ತಟ್ಟೆಯನ್ನೇ ಬೀಳಿಸಿದಳು. ಡಾಕ್ಟರು ಬೈದು, ಮತ್ತೆ ಸ್ಕ್ಯಾನ್ ಮಾಡಿಸಿದರು. ಅವಳು ಹೇಳಿದ್ದು ಸರಿಯಾಗಿತ್ತು. ಚಿಕ್ಕಪ್ಪನಿಗೆ ಇನ್ನೊಂದು ಸೂಜಿ ಬಿತ್ತು, ಬಲದ ಹಲ್ಲು ಹೋಯಿತು, ಎಡದ್ದು ಉಳಿಯಿತು.

ಹೊರಗಿನ ಬೆಂಚಿನಲ್ಲಿ ಚಿಕ್ಕಪ್ಪ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದರು. ಚಿಕ್ಕಮ್ಮ ಪಕ್ಕದಲ್ಲಿ ಕೂತು, "ತುಂಬಾ ನೋವಾ ರೀ?" ಎಂದಳು.

ಅವರು ಬಾಯಿಂದ ಹತ್ತಿ ತೆಗೆದರು.

"ನೋವಲ್ಲ ಕಣೇ. ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ ನಿನ್ನ ಬಾಯಲ್ಲಿ ಈ ಮಾತು ಕೇಳಿದೆ. ಇನ್ನೊಂದ್ಸಲ ಹೇಳ್ತೀಯ ಅಂದ್ರೆ, ಉಳಿದಿರೋ ಹಲ್ಲನ್ನೂ ಕೀಳಿಸ್ಕೋತೀನಿ."