ಶುಕ್ರವಾರದ ಓದುಗ

ಭಾಷಣಕ್ಕೆ ನಿಂತರೆ ಶಹಾಪುರದ ಭಗವಂತರಾಯರ ಮಾತು ಅರಳು ಹುರಿದಂತೆ. ಕನ್ನಡ ನಾಡು ಒಂದಾಗಬೇಕೆಂದು ಸುರಪುರದಿಂದ ಸೈದಾಪುರದವರೆಗೆ ಊರೂರು ತಿರುಗಿ ಗಂಟಲು ಕೆಡಿಸಿಕೊಂಡವರು ಅವರು. ಕೊನೆಗೂ ನಾಡು ಒಂದಾಯಿತು, ರಾಯರು ಮೂಲೆಗೆ ಬಿದ್ದರು. ನಿಜಾಮನ ಕಾಲದ ಉರ್ದು ಶಾಲೆಯಲ್ಲಿ ಕಲಿತವರು; ಕನ್ನಡ ಆಡಲು ಬರುತ್ತಿತ್ತೇ ಹೊರತು ಓದಲು ಬರೆಯಲು ಬರುತ್ತಿರಲಿಲ್ಲ. ಕನ್ನಡಕ್ಕಾಗಿ ಜೈಲು ಕಂಡವರು ಕನ್ನಡದ ಒಂದು ಅರ್ಜಿಗೆ ಇನ್ನೊಬ್ಬರ ಮುಖ ನೋಡಬೇಕಾಯಿತು. ಚುನಾವಣೆ ಬಂದಾಗ ಪಕ್ಷ ಹೊಸಬನೊಬ್ಬನಿಗೆ ಟಿಕೆಟ್ ಕೊಟ್ಟಿತು. ನಗಬೇಕೋ ಅಳಬೇಕೋ ನೀವೇ ಹೇಳಿ.

ಗದ್ದಲ ನಿಂತ ಮೇಲೆ ಮನೆಯತ್ತ ಯಾರೂ ಸುಳಿಯಲಿಲ್ಲ. ಹೆಂಡತಿ ಶೇಖಮ್ಮ ಮೊದಲೇ ತೀರಿಕೊಂಡಿದ್ದಳು. ಒಬ್ಬರೇ ಕುಳಿತು ರಾಯರು ಈ ಸೀಮೆಯ ಚರಿತ್ರೆ ಬರೆಯತೊಡಗಿದರು, ಶಿರವಾಳದ ಹಳೆಯ ಗುಡಿಗಳಿಂದ ಹಿಡಿದು ತಾವು ಕಂಡ ಗಲಾಟೆಯ ದಿನಗಳವರೆಗೆ. ಬರೆದದ್ದು ಉರ್ದುವಿನಲ್ಲಿ. ಮನಸ್ಸಿಟ್ಟು ಓದಿದವರು ಒಬ್ಬರೇ, ಉರ್ದು ಶಾಲೆಯ ನಿವೃತ್ತ ಮಾಸ್ತರು ಲಾಡ್ಲೇಸಾಬ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬರುವರು, ತಪ್ಪು ತಿದ್ದುವರು, ಜಗಳ ತೆಗೆಯುವರು. ವಾರದ ಉಳಿದ ದಿನವೆಲ್ಲ ರಾಯರಿಗೆ ಆ ಮಧ್ಯಾಹ್ನಕ್ಕೆ ಕಾಯುವುದೇ ಕೆಲಸ.

ಒಂದು ಪ್ರಕರಣವನ್ನು ಮಾತ್ರ ಮಾಸ್ತರು ತಿದ್ದಲಿಲ್ಲ. ನಿಜಾಮನ ಕಡೆಯ ರಜಾಕಾರರು ರಾಯರನ್ನು ಹುಡುಕುತ್ತ ಬಂದ ದಿನ ಮಾಸ್ತರೇ ಅವರನ್ನು ಶಾಲೆಯ ನಕಾಶೆ ಕೋಣೆಯಲ್ಲಿಟ್ಟು ಕೀಲಿ ಹಾಕಿ, ಹೊರಗೆ ಕುಳಿತು ಮಕ್ಕಳಿಂದ ಮಗ್ಗಿ ಹೇಳಿಸಿದ್ದರು. ಅದನ್ನು ಓದಿ ಕನ್ನಡಕ ಒರೆಸಿಕೊಂಡು, "ಇರ್ಲಿ ಬಿಡ್ರಿ" ಎಂದಿದ್ದರಷ್ಟೆ.

ಪುಸ್ತಕ ಕನ್ನಡದಲ್ಲೇ ಬರಬೇಕೆಂಬ ಹಟಕ್ಕೆ ರಾಯರು ಆ ವಯಸ್ಸಿನಲ್ಲಿ ಅಕ್ಷರ ತಿದ್ದಿದರು, ಪುಟ ಪುಟವನ್ನೂ ತಾವೇ ಕನ್ನಡಕ್ಕೆ ತಂದರು. ಅಚ್ಚು ಹಾಕಿಸಲು ಮುಂದೆ ಬಂದ ಊರ ಹಿರಿಯರು ಒಂದೇ ಮಾತು ಹೇಳಿದರು: "ಏಕೀಕರಣದ ಪುಸ್ತಕದಾಗ ಉರ್ದು ಮಾಸ್ತರನ ಕತಿ ಯಾಕ್ರಿ? ಅದೊಂದು ತಗೀರಿ." ರಾಯರು ತೆಗೆದರು. ಅವರು ರಾಜಕೀಯ ಬಿಟ್ಟಿದ್ದರು, ರಾಜಕೀಯ ಅವರನ್ನು ಬಿಟ್ಟಿರಲಿಲ್ಲ.

ಪುಸ್ತಕ ಬಂದ ವಾರ ಮಾಸ್ತರು ಅದನ್ನು ಉರ್ದು ಪುಸ್ತಕದಂತೆ ಹಿಂಬದಿಯಿಂದ ತೆರೆದು, ನಕ್ಕು, ವಾಪಸು ಕೊಟ್ಟರು.

"ನನಗ ಕನ್ನಡ ಓದಾಕ ಬರಂಗಿಲ್ಲಲ್ರಿ ರಾಯರ. ನೀವ ಓದ್ರಿ, ಕೇಳತೀನಿ."

ರಾಯರು ಓದಿದರು. ಮೊನ್ನೆ ಮೊನ್ನೆ ಕಲಿತ ಅಕ್ಷರ. ಒತ್ತಕ್ಷರ ಬಂದಲ್ಲೆಲ್ಲ ಎಡವಿ, ಬೆರಳಿಟ್ಟು, ಹಿಂದೆ ಹೋಗಿ, ಮತ್ತೆ ಓದಿ, ಶಿರವಾಳ ದಾಟುವಷ್ಟರಲ್ಲಿ ಬೆವತುಹೋದರು. ಮಾಸ್ತರು ತಾಳ್ಮೆಯಿಂದ ಕೇಳಿದರು. ಆಮೇಲೆ, "ಈಗ ನಮ್ಮ ಶಾಲಿದು ಓದ್ರಿ" ಎಂದರು.

ಪುಸ್ತಕದಲ್ಲಿ ಅದಿರಲಿಲ್ಲ. ರಾಯರು ಯಾವುದೋ ಪುಟ ತೆರೆದು, ಅದರ ಮೇಲೆ ಕಣ್ಣಿಟ್ಟು, ನೆನಪಿನಿಂದಲೇ ಹೇಳತೊಡಗಿದರು. ಕೋಣೆಯ ಕತ್ತಲು, ಮಕ್ಕಳ ಮಗ್ಗಿ, ಬಾಗಿಲಿಗೆ ಬಂದು ನಿಂತ ಬೂಟುಗಳ ಸಪ್ಪಳ, ಎಲ್ಲವೂ ಬಂತು. ಪ್ರೀತಿಯಿಂದಲೇ ಹೇಳಿದರು. ಮುಗಿಯುವವರೆಗೂ ಎಲ್ಲಿಯೂ ತಡವರಿಸಲಿಲ್ಲ.

ಮಾಸ್ತರು ಪೂರ್ತಿ ಕೇಳಿ ಎದ್ದು ನಿಂತರು.

"ಭಾಳ ಚೆಂದ ಅದ. ಇದೊಂದ ನೋಡ್ರಿ, ಎಲ್ಲೂ ಎಡವದಂಗ ಓದಿದ್ರಿ."

ಬೈದಿದ್ದರೆ ರಾಯರು ಕಾಲು ಹಿಡಿಯುತ್ತಿದ್ದರು. ಮಾಸ್ತರು ಬೈಯಲಿಲ್ಲ. ಮುಂದಿನ ಶುಕ್ರವಾರ ನಮಾಜು ಮುಗಿದಾಗ ರಾಯರು ಮನೆಯ ಬಾಗಿಲಲ್ಲೇ ನಿಂತಿದ್ದರು. ಜನರ ನಡುವೆ ಮಾಸ್ತರೂ ಬಂದರು. "ಆರಾಮ ಅದೀರೇನ್ರಿ ರಾಯರ?" ಎಂದು ಎಂದಿನ ಮರ್ಯಾದೆಯಿಂದಲೇ ಕೇಳಿ, ಉತ್ತರಕ್ಕೆ ನಿಲ್ಲದೆ ಮುಂದೆ ನಡೆದರು.