ನನ್ನ ಹೆಸರಿನಲ್ಲಿದ್ದ ಮೊಣಕಾಲು

ನನ್ನ ಮೊಣಕಾಲು ನೋವು ಬರೀ ಸೋಗು ಎಂಬುದು ನಮ್ಮ ಯಜಮಾನರ ಸಿದ್ಧಾಂತ. "ಕಸಾ ಹೊಡಿಯೋ ಹೊತ್ತಿಗೇ ನೋಯ್ತದ ನೋಡು, ಭಾಳ ಶಾಣ್ಯಾ ಅದ ನಿನ್ನ ಕಾಲು," ಎಂದು ಛೇಡಿಸುತ್ತಿದ್ದರು. ನೋವು ನಿಜವೆಂದು ಸಾಬೀತು ಮಾಡುವ ಹಟ ನನಗೆ. ಈ ಮರಾಠಿ ಊರಿನ ಬಿಬವೇವಾಡಿಯಲ್ಲಿ ನಮ್ಮ ಮನೆ ಹತ್ತಿರದ ಆಸ್ಪತ್ರೆಗೆ ಎಐ ಬಂದಿದೆ, ಎಕ್ಸ್-ರೇ ನೋಡಿ ಕೀಲಿನ ಸವೆತ ಅಳೆದು ಆಪರೇಶನ್ ಬೇಕೋ ಬೇಡವೋ ಹೇಳುತ್ತದೆ ಎಂದು ಕೇಳಿದ್ದೇ ತಡ, ಅವರನ್ನು ಎಳೆದುಕೊಂಡು ಹೊರಟೆ. ಯಂತ್ರ ಯಾರ ಗಂಡನಿಗೂ ಹೆದರುವುದಿಲ್ಲವಲ್ಲ!

ಎಕ್ಸ್-ರೇ ಕೋಣೆಯ ಬಾಗಿಲಲ್ಲಿ ನನ್ನ ಧೈರ್ಯ ಉಡುಗಿತು. ಇಂಜೆಕ್ಷನ್ ಇರಲಿ, ಹೊಸ ಮಾತ್ರೆ ಇರಲಿ, ನಮ್ಮ ಮನೆಯಲ್ಲಿ ಮೊದಲು ಅವರು, ಆಮೇಲೆ ನಾನು. ಅಂದೂ ನನ್ನ ಚೀಟಿ ಹಿಡಿದುಕೊಂಡು ಅವರೇ ಮೊದಲು ಒಳಗೆ ಹೋಗಿ ತೆಗೆಸಿಕೊಂಡರು. "ಏನೂ ಆಗಂಗಿಲ್ಲ, ಹೋಗು," ಎಂದ ಮೇಲೆ ನಾನು ಹೋದೆ.

ಡಾಕ್ಟರ ಪರದೆಯ ಮೇಲೆ ನನ್ನ ಹೆಸರು, ಕೆಳಗೆ ಎಐ ಎಳೆದ ಕೆಂಪು ಗೆರೆಗಳು. ಎಡಗಾಲು, ನಾಲ್ಕನೇ ಹಂತ. ಅದೇ ಕೊನೆಯದಂತೆ, ಮೂಳೆಗೆ ಮೂಳೆ ತಾಗುತ್ತಿದೆ, ಕೀಲು ಬದಲಿಸಬೇಕು. ಅಳಬೇಕಾದವಳು ಕುರ್ಚಿಯಲ್ಲೇ ಕುಣಿದಾಡಿದೆ. "ನೋಡ್ರಿ! ಸೋಗು ಅಂತಿದ್ರಿ! ನಾಲ್ಕಕ್ಕ ನಾಲ್ಕು!" ಅಲ್ಲಿಂದಲೇ ಧಾರವಾಡದ ತಂಗಿಗೆ ಫೋನ್ ಹಚ್ಚಿ, ಪಾಸಾದೆ ಎಂದು ಹೇಳಿಬಿಟ್ಟೆ.

ಡಾಕ್ಟರು ನನ್ನ ಕಾಲು ಮಡಿಸಿ ನೋಡಿದರು. ಸಲೀಸಾಗಿ ಮಡಿಯಿತು. ಮತ್ತೆ ಪರದೆ ನೋಡಿ, ಇದು ನಿಮ್ಮ ಕಾಲಲ್ಲ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಒಂದೇ ಚೀಟಿಯ ಮೇಲೆ ಎರಡು ಎಕ್ಸ್-ರೇ ಹೋಗಿದ್ದವು. ನನ್ನದು ಎರಡನೆಯದು: ಸವೆತ ಉಂಟು, ಆದರೆ ವ್ಯಾಯಾಮ ಸಾಕು. ಮೊದಲನೆಯದು ನಮ್ಮ ಯಜಮಾನರದು.

ತಿರುಗಿ ನೋಡಿದರೆ ಅವರು ಗೋಡೆಯ ಕ್ಯಾಲೆಂಡರನ್ನು ಭಾರಿ ಶ್ರದ್ಧೆಯಿಂದ ಓದುತ್ತಿದ್ದರು.

"ಎಷ್ಟ ದಿನದಿಂದ ನೋಯ್ತದರಿ?"

"ಮೂರು ವರ್ಷ ಆಗಿರಬೇಕು."

"ಹೇಳಬಾರದಾಗಿತ್ತೇನ್ರಿ?"

"ನೀ ಮೊದಲ ಹೇಳಿದ್ಯಲ್ಲ. ಇಬ್ರೂ ನೋವು ಅಂತ ಕುಂತ್ರ ಮೂರನೇ ಮಹಡಿಗೆ ಸಾಮಾನ ಯಾರು ಒಯ್ಯಬೇಕು?"

ನಗುತ್ತಿದ್ದವಳಿಗೆ ಅಳು ಯಾವಾಗ ಬಂತೋ ತಿಳಿಯಲಿಲ್ಲ. ಲಿಫ್ಟಿಲ್ಲದ ನಮ್ಮ ಕಟ್ಟಡದಲ್ಲಿ ಮೂರು ವರ್ಷ ನನ್ನ ಕೈಗೆ ಒಂದು ಚೀಲವನ್ನೂ ಕೊಟ್ಟಿರಲಿಲ್ಲ ಅವರು. ಅವರ ಹೆಸರನ್ನು ಆಪರೇಶನ್ನಿಗೆ ಬರೆಸಿದೆ. ಮನೆಗೆ ಬರುವಾಗ ತರಕಾರಿ ಕೊಂಡೆವು. ಚೀಲ ಕಸಿದುಕೊಂಡು ನಾನೇ ಮೊದಲು ಮೆಟ್ಟಿಲು ಹತ್ತಿದೆ.