ಕೂಸಪ್ಪನ ಕಲಾಯಿ

ಗಾಳಿಬೀಡಿನ ಕೂಸಪ್ಪನ ಬಾಯಿ ಜೋರು. ಕೆಲಸವೂ ಅಷ್ಟೇ ಜೋರು, ಅದು ಬೇರೆ ಮಾತು. ಗೌಡರ ಮನೆಯವನಿಗೆ ಕಲಾಯಿ ಯಾಕೆ ಎಂದು ನೆಂಟರು ನಗಾಡಿದರೂ ಮಿಲಿಟರಿ ಪಟಾಳಂನ ಅಡುಗೆಮನೆಯಲ್ಲಿ ಕಲಿತ ವಿದ್ಯೆಯನ್ನು ಅವನು ಬಿಡಲಿಲ್ಲ. ಕಾದ ತಾಮ್ರಕ್ಕೆ ನವಸಾಗರ ಉದುರಿಸಿ, ತವರ ತಾಗಿಸಿ, ಹತ್ತಿಯಿಂದ ಒರೆಸಿದನೆಂದರೆ ಪಾತ್ರೆಯ ಒಳಗೆಲ್ಲ ಬೆಳ್ಳಿ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ತವರ ಸಾಲದಾದಾಗ ಅವನು ಸೀಸ ಬೆರೆಸುತ್ತಿದ್ದ. ಬೇಗ ಕರಗುತ್ತದೆ, ನಯವಾಗಿ ಹರಡುತ್ತದೆ, ನೋಡುವವರಿಗೆ ಅದೇ ಬಿಳುಪು. ಅದರಲ್ಲೊಂದು ತಪ್ಪಿದೆ ಎಂದು ಪಾಪ, ಅವನಿಗೆ ಹೊಳೆದೇ ಇರಲಿಲ್ಲ.

ಮಗಳು ಯಮುನಳ ಮದುವೆಗೆ ಹುಳಿ ಇಟ್ಟುಕೊಳ್ಳಲೆಂದು ತಾಮ್ರದ ಚೆರಿಗೆಯೊಂದಕ್ಕೆ ಕಲಾಯಿ ಹಾಕಿ ಕೊಟ್ಟ. ಕಾಚಂಪುಳಿಯನ್ನು, ಅಂದರೆ ಹಣ್ಣಿನ ರಸ ಕುದಿಸಿ ಮಾಡಿದ ಆ ಕಪ್ಪು ಹುಳಿಯನ್ನು, ಊರಿನಲ್ಲಿ ಎಲ್ಲರೂ ಮಣ್ಣಿನ ಭರಣಿಯಲ್ಲೇ ಇಡುವುದು. ಹೆಂಡತಿ ನೀಲಾವತಿ ಅದನ್ನೇ ಹೇಳಿದಳು. ಕೂಸಪ್ಪ ಕೇಳಬೇಕಲ್ಲ.

"ನನ್ನ ಕಲಾಯಿಗೆ ಹುಳಿ ಎಂತ ಮಾಡ್ದು? ವರ್ಷ ಇಟ್ರೂ ಏನೂ ಆಕಿಲೆ."

ಅಪ್ಪನ ಮಾತೆಂದರೆ ಯಮುನಳಿಗೆ ಕೊನೆಯ ಮಾತು. ಚೇರಂಬಾಣೆಯ ಗಂಡನ ಮನೆಯಲ್ಲಿ ಹುಳಿ ಆ ಚೆರಿಗೆಯಲ್ಲೇ ನಿಂತಿತು. ಎರಡು ಬಸಿರು ನಿಲ್ಲಲಿಲ್ಲ. ಮೂರನೆಯದಕ್ಕೆ ತವರಿಗೆ ಕಳಿಸುವಾಗ ಗಂಡ ಮೊಣ್ಣಪ್ಪ, ಇದೂ ಹೋದರೆ ಮತ್ತೆ ಬರುವುದು ಬೇಡ ಎಂದುಬಿಟ್ಟ. ಬಸುರಿಯ ಬಾಯಿಗೆ ಹುಳಿ ಬೇಕು. ಅವಳು ಚೆರಿಗೆಯನ್ನೂ ಜೊತೆಗೆ ತಂದಿದ್ದಳು, ದಿನಾ ಬೆರಳದ್ದಿ ನೆಕ್ಕುತ್ತಿದ್ದಳು.

ಹೊಟ್ಟೆ ಹಿಂಡತೊಡಗಿದಾಗ ಮಡಿಕೇರಿಗೆ ಕರೆದೊಯ್ದರು. ಡಾಕ್ಟರು ಅವಳ ಒಸಡಿನ ಅಂಚಿನ ನೀಲಿ ಗೆರೆ ನೋಡಿದರು. ಏನು ತಿನ್ನುತ್ತೀಯಮ್ಮ, ಯಾವ ಪಾತ್ರೆಯಲ್ಲಿ, ಅದಕ್ಕೆ ಬಳಿದದ್ದು ಏನು ಎಂದು ಒಂದೊಂದಾಗಿ ಕೇಳಿದರು. ಕೂಸಪ್ಪನೇ ಉತ್ತರ ಹೇಳಿದ. ಸೀಸ ಎಂಬ ಮಾತು ಬಂದಾಗ ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

"ಅದು ವಿಷ. ಇವತ್ತೇ ಬಿಡಿಸಿ. ಮಗುವಿನ ವಿಷಯ ನಾನೇನೂ ಹೇಳಲಾರೆ."

ಮನೆಗೆ ಬಂದವನೇ ಚೆರಿಗೆಯ ಹುಳಿಯನ್ನೆಲ್ಲ ಅಂಗಳಕ್ಕೆ ಸುರಿದ. ಹುಳಿ ನಿಂತಿದ್ದ ಮಟ್ಟದವರೆಗೂ ಒಳಗೆ ಕೆಂಪು ತಾಮ್ರ ಕಾಣುತ್ತಿತ್ತು. ಅಷ್ಟು ಬಿಳುಪೂ ಮಗಳ ಹೊಟ್ಟೆಗೆ ಹೋಗಿತ್ತು. ಕೂಸಪ್ಪ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅತ್ತ. ಆ ವಾರವೇ ಮೂರನೆಯದೂ ಹೋಯಿತು.

ಯಮುನ ಅವನನ್ನು ಬೈಯಲಿಲ್ಲ. "ತಪ್ಪು ನನ್ನದಲ್ಲ ಹೇಳಿ ಅವ್ಕೆ ಹೇಳಿ ಬನ್ನಿ ಅಪ್ಪ" ಎಂದಳು, ಅಷ್ಟೇ.

ಅವನು ಚೇರಂಬಾಣೆಗೆ ಹೋಗಿ ಏನನ್ನೂ ಮುಚ್ಚಿಡದೆ ಹೇಳಿದ. ಎಲ್ಲ ನನ್ನ ಕೈಯ ತಪ್ಪು, ಅವಳನ್ನು ಕರೆಸಿಕೊಳ್ಳಿ ಎಂದು ಅಳಿಯನ ಮುಂದೆ ಕೈಮುಗಿದ.

ಮೊಣ್ಣಪ್ಪ ಕೊನೆಯವರೆಗೂ ಕೇಳಿದ. "ಇನ್ನ್ ಮಕ್ಕ ಆದೆ ಹೇಳಿ ಡಾಕ್ಟ್ರು ಹೇಳ್ದೊನಾ ಮಾವ?"

ಮುಂದೆ ಮಕ್ಕಳಾಗುತ್ತವೆ ಎಂದು ಡಾಕ್ಟರು ಹೇಳಿಲ್ಲ ಎಂದು ಕೂಸಪ್ಪ ಒಪ್ಪಿಕೊಂಡ.

"ಹಂಗಾರೆ ಅವ್ಳು ಅಲ್ಲೇ ಇರ್ಲಿ" ಎಂದು ಮೊಣ್ಣಪ್ಪ ಎದ್ದು ಒಳಗೆ ಹೋದ.

ಗಾಳಿಬೀಡಿನಲ್ಲಿ ಯಮುನ ಬೇಲಿಯ ದಣಪೆಯ ಹತ್ತಿರವೇ ಕಾಯುತ್ತಿದ್ದಳು. "ಎಂತ ಹೇಳ್ದೊ ಅಪ್ಪ?"

"ನಾಳೆ ಬಂದವೆ, ನಿನ್ನ ಕರ್ಕಂಡ್ ಹೋಕೆ" ಎಂದ ಕೂಸಪ್ಪ.

ಅವಳು ಒಳಗೆ ಹೋಗಿ ಸೀರೆಗಳನ್ನು ಮಡಚಿ ಟ್ರಂಕಿಗೆ ಇಡತೊಡಗಿದಳು.